ಜೂನ್ ಒಂದರಂದು ಹುಟ್ಟಿದವರು

ಅಂಧೇರಿಯ ಪೂವಪ್ಪ ಕೇಟರರ್ಸ್‌ನಲ್ಲಿ ಪುಟ್ಟಲಕ್ಷ್ಮಿಯ ಕಣ್ಣು ತಪ್ಪಿಸಿ ಒಂದು ಕಾಗದವೂ ಮೇಜಿನಿಂದ ಮೇಜಿಗೆ ಹೋಗುವುದಿಲ್ಲ ಎಂಬ ಮಾತಿತ್ತು. ಆ ಮಾತನ್ನು ಮೊದಲು ಹೊರಡಿಸಿದವಳು ಪುಟ್ಟಲಕ್ಷ್ಮಿಯೇ. ಇಪ್ಪತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಹೇಳುತ್ತ ಬಂದದ್ದರಿಂದ ಉಳಿದವರೂ ನಂಬಿದರು, ಬರಬರುತ್ತ ಅದು ನಿಜವೂ ಆಯಿತು. ಅಂಥ ಪುಟ್ಟಲಕ್ಷ್ಮಿ ತೊಂಬತ್ತನಾಲ್ಕನೇ ಇಸವಿಯ ಮಾರ್ಚ್ ತಿಂಗಳಲ್ಲಿ ಕಂಪ್ಯೂಟರಿನ ಮೌಸನ್ನು ಒಂದು ಸಲ ಒತ್ತಿ, ಅರವತ್ತನಾಲ್ಕು ಜನರನ್ನು ಸುಳ್ಳುಗಾರರ ಪಟ್ಟಿಗೆ ಸೇರಿಸಿಬಿಟ್ಟಳು. ಅವರಲ್ಲಿ ತಾನೂ ಒಬ್ಬಳು.

ಅವಳು ಮೈಸೂರು ಕಡೆಯವಳು. ಅರವತ್ತೊಂಬತ್ತರಲ್ಲಿ ಮದುವೆಯಾಗಿ ಮುಂಬಯಿಗೆ ಬಂದಾಗ ಜೊತೆಯಲ್ಲಿ ತಂದದ್ದು ಒಂದು ಟ್ರಂಕು, ಒಂದು ಕಾಫಿ ಫಿಲ್ಟರು ಮತ್ತು ಟೈಪಿಂಗ್ ಸೀನಿಯರ್ ಪಾಸಾದ ಸರ್ಟಿಫಿಕೇಟು. ಗಂಡ ನಾಣಿ ಚರ್ಚ್‌ಗೇಟಿನ ರೈಲ್ವೆ ಆಫೀಸಿನಲ್ಲಿ ಗುಮಾಸ್ತ, ಬಲು ಸಾಧು. ಹೆಂಡತಿ ಇಬ್ಬರ ಪಾಲಿನ ಮಾತನ್ನೂ ಆಡುತ್ತಾಳೆಂದು ತನ್ನ ಬಾಯಿಗೆ ಮದುವೆಯಾದ ವರ್ಷವೇ ವಿಶ್ರಾಂತಿ ಕೊಟ್ಟವನು. ಕಾಂದಿವಲಿಯ ಬಿಲ್ಡಿಂಗಿನಲ್ಲಿ ಒಂದು ರೂಮು, ಒಂದು ಕಿಚನ್. ಆ ಕಿಚನ್ನಿನಲ್ಲಿ ಡಬ್ಬಿಗಳು ಎತ್ತರದ ಪ್ರಕಾರ ಸಾಲಾಗಿ ನಿಲ್ಲಬೇಕು, ಪ್ರತಿಯೊಂದಕ್ಕೂ ಚೀಟಿ ಅಂಟಿರಬೇಕು. ಸಾಸಿವೆ ಡಬ್ಬಿಯಲ್ಲಿ ನಾಲ್ಕು ಕಾಳು ಮೆಂತ್ಯ ಕಂಡರೆ ಆವತ್ತು ನಾಣಿಗೆ ಕಾಫಿ ತಡವಾಗುತ್ತಿತ್ತು.

ಅವಳನ್ನು ಎಪ್ಪತ್ತನಾಲ್ಕರಲ್ಲಿ ಕೆಲಸಕ್ಕೆ ತೆಗೆದುಕೊಂಡವರು ಪೂವಪ್ಪ. ಕಾರ್ಕಳದ ಹತ್ತಿರದ ಹಳ್ಳಿಯಿಂದ ಬಂದು, ಮಾಟುಂಗದ ಉಡುಪಿ ಹೋಟೆಲಿನಲ್ಲಿ ಮೇಜು ಒರೆಸುವುದರಿಂದ ಶುರುಮಾಡಿ, ಕಾರ್ಖಾನೆಗಳಿಗೆ ಊಟ ಕಳಿಸುವ ಸ್ವಂತ ಉದ್ಯೋಗ ಕಟ್ಟಿದವರು. ಅಂಧೇರಿಯ ದೊಡ್ಡ ಅಡಿಗೆಮನೆಯಲ್ಲಿ ಬೆಳಿಗ್ಗೆ ಬೆಂದ ಅನ್ನ, ಸಾಂಬಾರು, ಪಲ್ಯ ಎಲ್ಲ ಹನ್ನೆರಡರೊಳಗೆ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ತನಕ ಹತ್ತಾರು ಕ್ಯಾಂಟೀನುಗಳಿಗೆ ಟೆಂಪೋದಲ್ಲಿ ಹೋಗಬೇಕು. ಕೆಲಸಕ್ಕೆ ನೂರ ನಲವತ್ತಮೂರು ಜನ, ಅವರಲ್ಲಿ ನಾಲ್ಕಕ್ಕೆ ಮೂರು ಪಾಲು ಕನ್ನಡನಾಡಿನವರು, ಬಹುಪಾಲು ಕರಾವಳಿಯವರು. ಅಷ್ಟೂ ಜನರ ಹೆಸರು, ಊರು, ಹೆಂಡತಿಯ ಹೆಸರು, ಯಾರು ಯಾವ ತಿಂಗಳು ಊರಿಗೆ ಹೋಗುತ್ತಾರೆ, ಹೋದವರು ಎಷ್ಟು ದಿನ ತಡಮಾಡಿ ಬರುತ್ತಾರೆ, ಬಂದು ಯಾವ ಅಜ್ಜಿಯನ್ನು ಸಾಯಿಸುತ್ತಾರೆ ಎಂಬುದೆಲ್ಲ ಪುಟ್ಟಲಕ್ಷ್ಮಿಯ ದಪ್ಪ ರಿಜಿಸ್ಟರಿನಲ್ಲಿತ್ತು. ರಿಜಿಸ್ಟರಿನಲ್ಲಿ ಇಲ್ಲದ್ದು ಅವಳ ತಲೆಯಲ್ಲಿತ್ತು.

ಪೂವಪ್ಪನವರ ಒಬ್ಬನೇ ಮಗ ಯತೀಶ. ಬಾಂಬೆಯ ನರ್ಸಿಂಗ್ ಹೋಮಿನಲ್ಲಿ ಹುಟ್ಟಿ, ಇಂಗ್ಲಿಷ್ ಶಾಲೆಯಲ್ಲಿ ಕಲಿತು, ಮ್ಯಾನೇಜ್‌ಮೆಂಟ್ ಓದಿ ಬಂದವನು. ಅವನ ಕನ್ನಡ ಎರಡು ಹೆಜ್ಜೆ ನಡೆದು ಹಿಂದಿಯ ಕೈ ಹಿಡಿಯುತ್ತಿತ್ತು. ಹುಡುಗ ಒಳ್ಳೆಯವನು, ಕೆಲಸಗಾರರಿಗೆ ಒಳ್ಳೆಯದಾಗಲಿ ಎಂಬ ಮನಸ್ಸೂ ಇತ್ತು. ಆದರೆ ಆ ಒಳ್ಳೆಯದು ಪುಸ್ತಕದಲ್ಲಿ ಬರೆದ ಕ್ರಮದಲ್ಲೇ ಆಗಬೇಕು ಎಂಬ ಹಟ. ಅವನು ಆಫೀಸಿಗೆ ಬಂದು ಕೂತ ಮೇಲೆ ಮೊದಲು ತರಿಸಿದ್ದು ಕಂಪ್ಯೂಟರು, ಅದರ ಜೊತೆಗೆ ಅದಕ್ಕೊಂದು ಎ.ಸಿ. ತನ್ನ ತಲೆಯ ಮೇಲಿನ ಫ್ಯಾನು ಎರಡು ವರ್ಷದಿಂದ ಕರಕರ ಅನ್ನುತ್ತಿದ್ದರೂ ಯಾರೂ ಕೇಳಿರಲಿಲ್ಲ ಎಂದು ಪುಟ್ಟಲಕ್ಷ್ಮಿ ಒಂದು ವಾರ ಆ ಪೆಟ್ಟಿಗೆಯ ಮೇಲೆ ಸಿಟ್ಟು ಮಾಡಿದಳು. ಎಂಟನೆಯ ದಿನ ಎ.ಸಿ. ರೂಮಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತಳು. ಮತ್ತೆ ಎದ್ದು ಬರುವ ಮನಸ್ಸಾಗಲಿಲ್ಲ.

ನಲವತ್ತಾರನೆಯ ವಯಸ್ಸಿನಲ್ಲಿ ಅವಳು ಅಂಧೇರಿ ಸ್ಟೇಷನ್ನಿನ ಪಕ್ಕದ ಕಂಪ್ಯೂಟರ್ ಕ್ಲಾಸಿಗೆ ಸೇರಿದಳು. ಅಲ್ಲಿ ಕಲಿಸುತ್ತಿದ್ದ ವಸಂತಿ ಇಪ್ಪತ್ತೆರಡರ ಹುಡುಗಿ, ಮಂಗಳೂರಿನವಳು. ಕಾಲೇಜು ಹುಡುಗರ ನಡುವೆ ಕೂತು ಪುಟ್ಟಲಕ್ಷ್ಮಿ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಳು. ಪಿವೊಟ್ ಟೇಬಲ್ ಕಲಿತ ದಿನ ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ. ಸಾವಿರ ಸಾಲು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದರೂ ಕ್ಷಣದಲ್ಲಿ ಜಾತಿಜಾತಿಯಾಗಿ ವಿಂಗಡಿಸಿ, ಎಷ್ಟೆಷ್ಟಿವೆ ಎಂದು ಎಣಿಸಿ ಇಡುವ ಕೋಷ್ಟಕ. ಮನೆಗೆ ಬಂದು ನಾಣಿಗೆ ವಿವರಿಸಿದಳು. ತನ್ನ ಅಡಿಗೆಮನೆಯ ಕಪಾಟನ್ನು ಯಾರೋ ನೋಡಿಕೊಂಡು ಹೋಗಿ ಈ ಟೇಬಲ್ ಕಂಡುಹಿಡಿದಿದ್ದಾರೆ ಎಂಬುದು ಅವಳ ಗಟ್ಟಿಯಾದ ಅಭಿಪ್ರಾಯ.

ಅದೇ ಹೊತ್ತಿಗೆ ಯತೀಶನಿಗೊಂದು ಯೋಚನೆ ಹೊಳೆಯಿತು. ಇನ್ನು ಮುಂದೆ ಪ್ರತಿಯೊಬ್ಬ ಕೆಲಸಗಾರನಿಗೂ ಅವನ ಹುಟ್ಟಿದ ದಿನ ಅರ್ಧ ದಿನ ರಜೆ, ಜೊತೆಗೆ ಒಂದು ಕೇಕು. ಯಾವ ತಿಂಗಳು ಎಷ್ಟು ಜನರ ಹುಟ್ಟುಹಬ್ಬ ಬರುತ್ತದೆಂದು ಮೊದಲೇ ಗೊತ್ತಿದ್ದರೆ ಅಡಿಗೆಮನೆಯಲ್ಲಿ ಕೈ ಕಡಿಮೆಯಾಗದಂತೆ ನೋಡಿಕೊಳ್ಳಬಹುದು. ರಿಜಿಸ್ಟರಿನ ಜನ್ಮತಾರೀಖುಗಳನ್ನು ಕಂಪ್ಯೂಟರಿಗೆ ಹಾಕಿ ತಿಂಗಳುವಾರು ಲೆಕ್ಕ ಕೊಡಿ ಎಂದು ಪುಟ್ಟಲಕ್ಷ್ಮಿಗೆ ಹೇಳಿದ.

ಅವಳು ನೂರ ನಲವತ್ತಮೂರನ್ನೂ ಟೈಪಿಸಿದಳು. ಇಪ್ಪತ್ತು ವರ್ಷ ಟೈಪ್‌ರೈಟರಿನಲ್ಲಿ ಹೊಡೆದ ಅಭ್ಯಾಸದಂತೆ ದಿನ, ತಿಂಗಳು, ವರ್ಷದ ನಡುವೆ ಚುಕ್ಕಿ ಇಟ್ಟುಕೊಂಡು ಹೋದಳು. ಆಮೇಲೆ ತಿಂಗಳ ಪ್ರಕಾರ ಗುಂಪು ಮಾಡು ಎಂದರೆ ಕಂಪ್ಯೂಟರು ಆಗುವುದಿಲ್ಲ ಅಂದಿತು. ಮತ್ತೆ ಕೇಳಿದಳು, ಮತ್ತೆ ಇಲ್ಲ ಅಂದಿತು. ತನಗೆ ಇಲ್ಲ ಎನ್ನುವವರು ಆ ಆಫೀಸಿನಲ್ಲಿ ಯಾರೂ ಇರಲಿಲ್ಲವಾದ್ದರಿಂದ ಅವಳಿಗೆ ದಿಕ್ಕೇ ತೋಚಲಿಲ್ಲ. ಸಂಜೆ ಕ್ಲಾಸಿನಲ್ಲಿ ವಸಂತಿ ನಕ್ಕು ಗುಟ್ಟು ಹೇಳಿಕೊಟ್ಟಳು. ಚುಕ್ಕಿ ಇಟ್ಟರೆ ಯಂತ್ರಕ್ಕೆ ಅದು ತಾರೀಖಲ್ಲ, ಬರೀ ಅಕ್ಷರ. ಖಾನೆಯಲ್ಲಿ ಎಡಕ್ಕೆ ಅಂಟಿ ನಿಂತರೆ ಅಕ್ಷರ, ತಾನಾಗಿ ಬಲಕ್ಕೆ ಸರಿದರೆ ತಾರೀಖು. ಪುಟ್ಟಲಕ್ಷ್ಮಿ ಮರುದಿನ ಎಲ್ಲವನ್ನೂ ಅಡ್ಡಗೆರೆ ಹಾಕಿ ಮತ್ತೆ ಹೊಡೆದಳು. ಒಂದೊಂದು ತಾರೀಖೂ ಬಲಕ್ಕೆ ಸರಿದು ನಿಂತಾಗ ಶಾಲೆಯ ಮಕ್ಕಳು ಸಾಲಿಗೆ ಬಂದಷ್ಟು ಖುಷಿಯಾಯಿತು.

ಆ ಮೇಲೆ ತಿಂಗಳು ಎಂದು ಆರಿಸಿ ಮೌಸ್ ಒತ್ತಿದಳು. ಯಾವ ವರ್ಷದ್ದಾದರೂ ಸರಿ, ಜನವರಿಯೆಲ್ಲ ಜನವರಿಗೆ, ಫೆಬ್ರವರಿಯೆಲ್ಲ ಫೆಬ್ರವರಿಗೆ ಹೋಗಿ ಸೇರಿಕೊಂಡವು. ಹನ್ನೆರಡು ಸಾಲಿನ ಪುಟ್ಟ ಕೋಷ್ಟಕ ತೆರೆಯ ಮೇಲೆ ಬಂತು. ಜನವರಿ ಆರು, ಫೆಬ್ರವರಿ ಐದು, ಮಾರ್ಚ್ ಏಳು, ಏಪ್ರಿಲ್ ಆರು, ಮೇ ಒಂಬತ್ತು. ಜೂನ್ ಎಪ್ಪತ್ತೊಂದು. ಜುಲೈ ಮತ್ತೆ ಎಂಟು.

ಆ ಎಪ್ಪತ್ತೊಂದನ್ನು ಬಿಡಿಸಿ ನೋಡಿದರೆ ಅರವತ್ತನಾಲ್ಕು ಜನ ಹುಟ್ಟಿದ್ದು ಸರಿಯಾಗಿ ಜೂನ್ ಒಂದನೆಯ ತಾರೀಖು.

ಪುಟ್ಟಲಕ್ಷ್ಮಿಗೆ ಒಂದು ಗಳಿಗೆಯಲ್ಲಿ ವಿಷಯ ಹೊಳೆದು ನಗು ಬಂತು. ಇಪ್ಪತ್ತು ವರ್ಷ ತಾನೇ ಬರೆದ ರಿಜಿಸ್ಟರು, ಎರಡೆರಡು ಸಲ ತಾನೇ ಹೊಡೆದ ತಾರೀಖುಗಳು. ಒಂದೊಂದಾಗಿ ಬಂದಾಗ ಕಣ್ಣಿಗೆ ಬೀಳಲಿಲ್ಲ. ಹನಿಹನಿ ಸೇರಿದರೆ ಹಳ್ಳ ಅನ್ನುವ ಹಾಗೆ ಗುಂಪು ಮಾಡಿದ ಮೇಲೆ ಕಂಡಿತು. ಅದೇ ನಗುಮುಖದಲ್ಲಿ ಕಾಗದವನ್ನು ಯತೀಶನ ಮುಂದೆ ಇಟ್ಟಳು. ಅವನು ನಗಲಿಲ್ಲ.

ಮೊದಲು ಅವನಿಗೆ ಅವಳ ಮೇಲೇ ಅನುಮಾನ. ಒಂದು ತಾರೀಖನ್ನು ಹಿಡಿದು ಕೆಳಗೆ ಎಳೆಯುವಾಗ ಅದೇ ಎಲ್ಲ ಖಾನೆಗೂ ಕಾಪಿ ಆಗಿರಬೇಕು ಎಂದ. ಪುಟ್ಟಲಕ್ಷ್ಮಿಗೆ ಮೈಯೆಲ್ಲ ಉರಿಯಿತು. ರಿಜಿಸ್ಟರು ತಂದು ಪಕ್ಕದಲ್ಲಿ ತೆರೆದಿಟ್ಟಳು. ರಿಜಿಸ್ಟರಿಗೂ ಕಂಪ್ಯೂಟರಿಗೂ ಒಂದು ಅಂಕಿಯ ವ್ಯತ್ಯಾಸ ಇರಲಿಲ್ಲ. ಅವನು ಫೈಲು ತರಿಸಿದ. ಫೈಲಿನಲ್ಲಿದ್ದ ಶಾಲೆಯ ಸರ್ಟಿಫಿಕೇಟುಗಳಲ್ಲೂ ಜೂನ್ ಒಂದೇ. ಅಲ್ಲಿಗೆ ಅನುಮಾನ ಅವಳನ್ನು ಬಿಟ್ಟು ಎಲ್ಲರ ಮೇಲೂ ಹರಡಿತು.

“ಅರವತ್ತನಾಲ್ಕು ಜನ, ಸೇಮ್ ಡೇಟ್. ಇಂಪಾಸಿಬಲ್ ಮೇಡಮ್. ಯಾರೋ ಏಜೆಂಟ್ ಬೈಠ್‌ಕರ್ ಸರ್ಟಿಫಿಕೇಟ್ ಮಾಡಿ ಕೊಟ್ಟಿದ್ದಾನೆ.”

“ಏಜೆಂಟ್ ಅಲ್ಲ ಕಣಪ್ಪಾ, ಮೇಷ್ಟ್ರು. ನಮ್ಮ ಕಡೆ ಶಾಲೆಗೆ ಸೇರಿಸೋವಾಗ ಮೇಷ್ಟ್ರೇ ಒಂದು ತಾರೀಖು ಹಾಕ್ಬಿಡೋರು.”

“ಹಾಕೋದು ಅಂದ್ರೆ? ಬರ್ತ್ ಡೇಟ್ ಯಾರಾದ್ರೂ ಹಾಕ್ತಾರಾ? ಅದು ಇರ್ತದೆ.”

ಹುಟ್ಟಿದ ನಿಮಿಷವನ್ನೂ ಕಾಲಿಗೆ ಚೀಟಿ ಕಟ್ಟಿ ಬರೆದಿಡುವ ಆಸ್ಪತ್ರೆಯಲ್ಲಿ ಕಣ್ಣುಬಿಟ್ಟವನಿಗೆ ಏನು ಹೇಳುವುದು. ಯತೀಶ ಅಷ್ಟರಲ್ಲಿ ತೀರ್ಮಾನಿಸಿ ಆಗಿತ್ತು. ಅರವತ್ತನಾಲ್ಕು ಜನರಿಗೂ ನೋಟೀಸು ಕೊಡಬೇಕು. ಹದಿನೈದು ದಿನದೊಳಗೆ ನಿಜವಾದ ಜನ್ಮತಾರೀಖಿಗೆ ಪುರಾವೆ ತರದಿದ್ದರೆ ಸುಳ್ಳು ದಾಖಲೆ ಕೊಟ್ಟು ಕೆಲಸಕ್ಕೆ ಸೇರಿದವರೆಂದು ತೆಗೆಯಬೇಕಾಗುತ್ತದೆ ಎಂದು ಇಂಗ್ಲಿಷಿನಲ್ಲಿ ಡಿಕ್ಟೇಟ್ ಮಾಡಿದ. ಪುಟ್ಟಲಕ್ಷ್ಮಿ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡಳು.

ಆ ಸಂಜೆ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕರೂ ಅವಳು ಯಾರೊಡನೆಯೂ ಮಾತಾಡಲಿಲ್ಲ. ಎದುರಿಗಿದ್ದವರು ಜ್ವರವೇ ಎಂದು ಕೇಳಿದರು. ಕಣ್ಣ ಮುಂದೆ ಬರುತ್ತಿದ್ದದ್ದು ಅಪ್ಪ. ಅವರು ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ ಹೆಡ್‌ಮಾಸ್ತರರಾಗಿದ್ದರು. ಜೂನ್ ತಿಂಗಳು ಬಂತೆಂದರೆ ಶಾಲೆಯ ಜಗಲಿಯ ಮೇಲೆ ಮೇಜು ಹಾಕಿಕೊಂಡು ಕೂರುತ್ತಿದ್ದರು. ತಾಯಂದಿರು ಮಕ್ಕಳನ್ನು ಎಳೆದುಕೊಂಡು ಬರುತ್ತಿದ್ದರು. ಹುಟ್ಟಿದ್ದು ಯಾವಾಗ ಎಂದರೆ ರಾಗಿ ಕೊಯ್ಲಿನ ಹೊತ್ತಿಗೆ ಸ್ವಾಮಿ, ನಮ್ಮ ಅತ್ತೆ ತೀರಿಕೊಂಡ ವರ್ಷ ಸ್ವಾಮಿ ಎನ್ನುತ್ತಿದ್ದರು. ಅಪ್ಪ ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಸುತ್ತಿಸಿ ಎಡಗಿವಿ ಮುಟ್ಟು ಅನ್ನುತ್ತಿದ್ದರು. ಮುಟ್ಟಿದರೆ ಆರು ವರ್ಷ ತುಂಬಿತು. ದಾಖಲೆಯಲ್ಲಿ ತಾರೀಖು ಬೇಕಲ್ಲ, ಆರು ವರ್ಷ ಹಿಂದಿನ ಜೂನ್ ಒಂದು. ಹೆತ್ತ ಮಗಳನ್ನೂ ಬಿಟ್ಟಿರಲಿಲ್ಲ. ಮಾರ್ಗಶಿರದ ಚಳಿಯಲ್ಲಿ ಹುಟ್ಟಿದ ಪುಟ್ಟಲಕ್ಷ್ಮಿ ಬೇಗ ಶಾಲೆಗೆ ಸೇರಲೆಂದು ಅವಳಿಗೂ ಜೂನ್ ಒಂದನ್ನೇ ದಯಪಾಲಿಸಿದ್ದರು.

ಅದರಲ್ಲಿ ಮೋಸ ಇದೆಯೆಂದು ಅವಳಿಗೆ ಒಂದು ದಿನವೂ ಅನಿಸಿರಲಿಲ್ಲ. ಈಗ ಅದೇ ತಾರೀಖಿಗಾಗಿ ಮೂವತ್ತು ವರ್ಷ ದುಡಿದವರೂ ಕೈಕಟ್ಟಿ ನಿಲ್ಲಬೇಕಾಗಿತ್ತು. ಹಾಗೆ ನಿಲ್ಲುವಂತೆ ಮಾಡಿದ್ದು ತಾನು, ತನ್ನ ಹಾಳು ಹೆಮ್ಮೆಯ ಕೋಷ್ಟಕ. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತು ಎಂದು ತನ್ನನ್ನೇ ಬೈದುಕೊಂಡಳು. ಮನೆಗೆ ಬಂದು ಹೇಳಿದಾಗ ನಾಣಿ ಬಹಳ ಹೊತ್ತು ಯೋಚಿಸಿ, ರೈಲ್ವೆಯ ಪುಸ್ತಕದಲ್ಲಿ ತನ್ನದೂ ಜೂನ್ ಒಂದೇ ಎಂದು ಜ್ಞಾಪಿಸಿದ. ಪುಟ್ಟಲಕ್ಷ್ಮಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಆದರೆ ನಗು ಬಂದ ಮೇಲೆ ತಲೆ ಸ್ವಲ್ಪ ಓಡತೊಡಗಿತು.

ಮರುದಿನ ಅವಳು ಅರವತ್ತನಾಲ್ಕು ನೋಟೀಸನ್ನೂ ಟೈಪು ಮಾಡಿ ಯತೀಶನ ಮುಂದೆ ಇಟ್ಟಳು. ಅವನು ಫೋನಿನಲ್ಲಿ ಮಾತಾಡುತ್ತಲೇ, ಕಾಗದದ ಮೂಲೆ ಮಾತ್ರ ಎತ್ತಿ ಎತ್ತಿ, ಎಲ್ಲಕ್ಕೂ ಸಹಿ ಹಾಕಿದ. ಸಹಿ ಮಾಡುವ ಮುಂಚೆ ಓದಬೇಕು ಎಂದು ಮ್ಯಾನೇಜ್‌ಮೆಂಟ್ ಪುಸ್ತಕದಲ್ಲಿ ಇರಲಿಲ್ಲವೋ, ಅಥವಾ ಆ ಪಾಠಕ್ಕೆ ಅವನು ರಜೆ ಹಾಕಿದ್ದನೋ.

ಪುಟ್ಟಲಕ್ಷ್ಮಿಯ ಆಫೀಸಿನಲ್ಲಿ ಒಂದು ಪದ್ಧತಿ ಇತ್ತು. ನೋಟೀಸು, ಬೋನಸ್ ಚೀಟಿ, ರಜೆಯ ಮಂಜೂರಾತಿ ಯಾವುದೇ ಇರಲಿ, ಕೆಲಸಗಾರರ ನಂಬರಿನ ಕ್ರಮದಲ್ಲೇ ಹಂಚಬೇಕು. ಒಂದನೇ ನಂಬರಿನವನು ಪಡೆದು ಸಹಿ ಮಾಡದೆ ಎರಡನೆಯವನಿಗೆ ಕೊಡುವಂತಿಲ್ಲ. ಇದನ್ನು ಅವಳೇ ಮಾಡಿದ್ದಳು, ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಮುರಿದಿರಲಿಲ್ಲ. ಪ್ರಾವಿಡೆಂಟ್ ಫಂಡಿಗಾಗಿ ಪೂವಪ್ಪನವರು ತಮ್ಮ ಹೆಸರನ್ನೂ ಕೆಲಸಗಾರರ ಪಟ್ಟಿಯಲ್ಲಿ ಸೇರಿಸಿಕೊಂಡಿದ್ದರು. ಅವರ ನಂಬರು ಒಂದು. ಅವರ ಜನ್ಮತಾರೀಖು ಒಂದನೇ ಜೂನ್, ಮೂವತ್ತನಾಲ್ಕು.

ಪೂವಪ್ಪನವರು ಬಿಲ್ಡಿಂಗಿನ ಹಿಂದೆ ಅಡಿಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ಕೂರುತ್ತಿದ್ದರು. ಸಾಂಬಾರಿನ ವಾಸನೆ ಇಲ್ಲದ ಕಡೆ ಅವರಿಗೆ ಉಸಿರು ಕಟ್ಟುತ್ತದಂತೆ. ಪುಟ್ಟಲಕ್ಷ್ಮಿ ನೋಟೀಸು ಕೊಟ್ಟು, ಪುಸ್ತಕದಲ್ಲಿ ಸಹಿ ಮಾಡಿಸಿಕೊಂಡು, ನಡೆದದ್ದನ್ನೆಲ್ಲ ಚಾಚೂ ತಪ್ಪದೆ ಹೇಳಿದಳು. ತನ್ನ ನೋಟೀಸನ್ನೂ ತೋರಿಸಿದಳು. ಪೂವಪ್ಪನವರು ಕನ್ನಡಕ ಏರಿಸಿ ಎರಡು ಸಲ ಓದಿದರು. ಆಮೇಲೆ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಎದ್ದರು.

ಮಗನ ಕೋಣೆಯ ಬಾಗಿಲಲ್ಲಿ ನಿಂತು ಅವರು ಒಳಗೆ ಬರಬಹುದೇ ಎಂದು ಕೇಳಿದರು. ಯತೀಶ ಗಾಬರಿಯಿಂದ ಎದ್ದು ಕುರ್ಚಿ ಎಳೆದ. ಪೂವಪ್ಪನವರು ಕೂರಲಿಲ್ಲ.

“ನೋಟೀಸಿಗೆ ಉತ್ತರ ಕೊಡ್ಲಿಕ್ಕೆ ಬಂದೆ ಸಾರ್. ಪುರಾವೆ ಇಲ್ಲ.”

ಯತೀಶ ಕಾಗದ ತೆಗೆದುಕೊಂಡು ನೋಡಿದ. ಮೇಲೆ ಅಪ್ಪನ ಹೆಸರು, ಕೆಳಗೆ ತನ್ನ ಸಹಿ. ಅವನ ಮುಖ ಕೆಂಪಾಯಿತು. ಪುಟ್ಟಲಕ್ಷ್ಮಿಯ ಕಡೆ ಒಮ್ಮೆ ನೋಡಿದ. ಅವಳು ಗೋಡೆಯ ಕ್ಯಾಲೆಂಡರನ್ನು ಓದುತ್ತಿದ್ದಳು. ಅಪ್ಪನ ಜನ್ಮತಾರೀಖು ಸುಳ್ಳಾಗಲು ಹೇಗೆ ಸಾಧ್ಯ, ಪ್ರತಿ ವರ್ಷ ಜೂನ್ ಒಂದಕ್ಕೆ ತಾನೇ ಕೇಕ್ ತರುವುದಿಲ್ಲವೇ ಎಂದು ಕೇಳಿದ. ಇಪ್ಪತ್ತೆರಡು ವರ್ಷದಿಂದ ಆ ಮನೆಯಲ್ಲಿ ಅದು ತಪ್ಪಿರಲಿಲ್ಲ.

ಪೂವಪ್ಪನವರು ಆಗ ಕೂತರು.

“ನೀನು ಸಣ್ಣವ, ಆರು ವರ್ಷ. ಶಾಲೆಯಿಂದ ಅಳ್ತಾ ಬಂದಿ. ಎಲ್ಲರ ಪಪ್ಪನಿಗೂ ಬರ್ತ್‌ಡೇ ಉಂಟು, ನನ್ನ ಪಪ್ಪನಿಗೆ ಮಾತ್ರ ಇಲ್ಲ ಅಂತ. ನನಗೆಲ್ಲಿ ಗೊತ್ತುಂಟು ಮಾರಾಯ. ಊರಿನ ಮಾಸ್ಟ್ರು ಕಿವಿ ಮುಟ್ಟಿಸಿ ಬರೆದದ್ದು ಒಂದು ಇತ್ತು, ಅದನ್ನೇ ಹೇಳಿದೆ. ನೀನು ಅಳು ನಿಲ್ಲಿಸಿದಿ.”

ಮೂವತ್ತು ಸಮೀಪಿಸಿದ ಮಗ ಅಪ್ಪನ ಮುಂದೆ ಆರು ವರ್ಷದವನಾಗಿ ಕೂತಿದ್ದು ನೋಡಿ ಪುಟ್ಟಲಕ್ಷ್ಮಿಗೆ ಪಾಪ ಅನಿಸಿತು. ಅವನನ್ನು ಎಂಟು ವರ್ಷದವನಿದ್ದಾಗಿನಿಂದ ನೋಡಿದವಳು ಅವಳು. ಬೇಕೆಂದೇ ಅವನನ್ನು ಈ ಪೇಚಿಗೆ ಸಿಕ್ಕಿಸಿದ್ದಕ್ಕೆ ಒಳಗೊಳಗೇ ನಾಚಿಕೆಯೂ ಆಯಿತು. ಹಾಗಾದರೆ ನಿಜವಾಗಿ ಹುಟ್ಟಿದ್ದು ಯಾವಾಗ ಎಂದು ಅವನು ಕೇಳಿದ. ಸೋಣ ತಿಂಗಳು, ಅಂದರೆ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನ ತನಕ, ಅಷ್ಟೇ ಗೊತ್ತು ಎಂದರು ಪೂವಪ್ಪ. ಮನೆಯ ಕೆಂಪು ದನ ಕರು ಹಾಕಿದ ಮರುದಿನ ತಾನು ಹುಟ್ಟಿದ್ದು, ಆ ವಾರ ಅಜ್ಜಿಗೆ ಯಾರ ಮುಖ ನೋಡಲೂ ಪುರುಸೊತ್ತು ಇರಲಿಲ್ಲ ಎಂದು ತಾಯಿ ಹೇಳುತ್ತಿದ್ದರಂತೆ. ಇದನ್ನು ಅವರು ಮಗನಿಗೆ ಹೇಳಿದ್ದು ಅದೇ ಮೊದಲು.

ಯತೀಶ ಉಳಿದ ನೋಟೀಸುಗಳನ್ನು ಕೇಳಿ ತೆಗೆದುಕೊಂಡು ಡ್ರಾಯರಿಗೆ ಹಾಕಿದ. ಸ್ವಲ್ಪ ಹೊತ್ತಿನ ಮೇಲೆ ಕಂಪ್ಯೂಟರ್ ರೂಮಿಗೆ ತಾನೇ ಬಂದು, ಆಫೀಸಿನ ಜನ್ಮತಾರೀಖಿನ ಖಾನೆ ಹಾಗೇ ಇರಲಿ, ಅದರ ಪಕ್ಕ ಇನ್ನೊಂದು ಖಾನೆ ಮಾಡಿ, ಈ ಅರವತ್ತನಾಲ್ಕು ಜನರನ್ನೂ ನಿಜವಾಗಿ ಹುಟ್ಟಿದ್ದು ಯಾವಾಗ ಎಂದು ಕೇಳಿ ಬರೆಯಿರಿ ಎಂದ. ಎಲ್ಲರದ್ದೂ ತುಂಬಿದರೆ ನೋಟೀಸು ಹರಿದುಹಾಕುತ್ತೇನೆ ಎಂದ. ಒಂದು ಖಾನೆಯೂ ಖಾಲಿ ಬಿಡಬಾರದು. ಸೋತರೂ ಷರತ್ತು ಹಾಕಿಯೇ ಸೋಲಬೇಕೆಂಬ ವಯಸ್ಸು ಅವನದು, ಅವಳೂ ಹೂಂ ಎಂದಳು.

ಒಂದು ವಾರ ಪುಟ್ಟಲಕ್ಷ್ಮಿ ರಿಜಿಸ್ಟರು ಹಿಡಿದು ಅಡಿಗೆಮನೆ ಸುತ್ತಿದಳು. ಹಳೆಯ ಪಂಚಾಂಗಗಳನ್ನೂ ಒಟ್ಟು ಮಾಡಿ ಇಟ್ಟುಕೊಂಡಳು. ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ಒಬ್ಬರೂ ತಾರೀಖು ಹೇಳಲಿಲ್ಲ, ಎಲ್ಲರೂ ಒಂದೊಂದು ಕತೆ ಹೇಳಿದರು. ಒಬ್ಬ ಹುಟ್ಟಿದ್ದು ದೀಪಾವಳಿಯ ಎಣ್ಣೆಸ್ನಾನದ ಹೊತ್ತಿಗೆ, ಕಾಯಿಸಿದ ನೀರೆಲ್ಲ ಸೂಲಗಿತ್ತಿಯ ಪಾಲಾಯಿತಂತೆ. ಇನ್ನೊಬ್ಬ ಆಟಿ ತಿಂಗಳ ಮಳೆಯಲ್ಲಿ, ಹೊಳೆ ದಾಟುವ ಸಂಕ ಕೊಚ್ಚಿಹೋಗಿ ಅಪ್ಪ ನಾಲ್ಕು ದಿನ ಆಚೆ ದಡದಲ್ಲೇ ಉಳಿದಿದ್ದನಂತೆ. ಬಾಗಲಕೋಟೆ ಕಡೆಯ ಚಪಾತಿ ಮಾಡುವ ಖಂಡಪ್ಪ, “ಕಾರಹುಣ್ಣಿಮಿ ದಿನಾ ಹುಟ್ಟೀನ್ರಿ ಬಾಯಾರ, ಎತ್ತು ಓಡಸೂ ಹೊತ್ತಿಗೆ” ಎಂದ. ಪಂಚಾಂಗ ತಿರುವಿದರೆ ಕಾರಹುಣ್ಣಿಮೆ ಜೂನ್ ತಿಂಗಳಲ್ಲೇ ಬಿದ್ದಿತ್ತು. ಅಷ್ಟು ಜನರಲ್ಲಿ ಜೂನ್ ತಿಂಗಳಿಗೆ ನ್ಯಾಯವಾಗಿ ಸೇರಿದವನು ಖಂಡಪ್ಪ ಒಬ್ಬನೇ, ಅವನು ಅದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದ.

ತರಕಾರಿ ಹೆಚ್ಚುತ್ತ, ತೆಂಗಿನಕಾಯಿ ತುರಿಯುತ್ತ ಗಂಡಸರು ತಮ್ಮ ತಾಯಂದಿರ ಮಾತು ಆಡಿದರು. ಕೆಲವರು ಊರಿಗೆ ಕಾಗದ ಬರೆದು ಕೇಳುವುದಾಗಿ ಹೇಳಿದರು, ಒಬ್ಬ ಟ್ರಂಕಾಲ್ ಮಾಡಿಯೇಬಿಟ್ಟ. ತಿಂಗಳು ಮಾತ್ರ ಗೊತ್ತಿದ್ದವರಿಗೆ ಪುಟ್ಟಲಕ್ಷ್ಮಿ ಅಂದಾಜಿನ ಒಂದು ದಿನ ಹಾಕಿದಳು. ಹಾಕುವಾಗಲೆಲ್ಲ ಅಪ್ಪನ ನೆನಪಾಗಿ ಖುಷಿಯಾಗುತ್ತಿತ್ತು. ಅರವತ್ತಮೂರು ಖಾನೆ ತುಂಬಿತು. ಉಳಿದವರ ತಾರೀಖುಗಳನ್ನೂ ಜೊತೆಗೆ ಸೇರಿಸಿ ತಿಂಗಳ ಪ್ರಕಾರ ಗುಂಪು ಮಾಡಿದಾಗ ಸಾಲುಗಳು ಹೆಚ್ಚುಕಡಿಮೆ ಸಮನಾಗಿ, ಹನ್ನೆರಡು ತಿಂಗಳಿಗೂ ನ್ಯಾಯವಾಗಿ ಹಂಚಿಕೊಂಡು ಬಂದವು. ಉಳಿದದ್ದು ಒಂದೇ ಖಾನೆ, ಪಾತ್ರೆ ತೊಳೆಯುವ ದೂಜನದು.

ದೂಜನಿಗೆ ರಿಜಿಸ್ಟರಿನ ಪ್ರಕಾರ ಐವತ್ತಮೂರು. ಪೂವಪ್ಪನವರ ಮೊದಲನೆಯ ಬಾಣಲೆಯಿಂದ ಹಿಡಿದು ಎಲ್ಲ ಪಾತ್ರೆಗಳನ್ನೂ ತೊಳೆದವನು. ಪುಟ್ಟಲಕ್ಷ್ಮಿ ಮೂರು ಸಲ ಕೇಳಿದಳು. ಮೂರು ಸಲವೂ ಅವನು ಗೊತ್ತಿಲ್ಲ ಅಮ್ಮ ಎಂದ. ಅವನ ತಾಯಿಗೆ ಹನ್ನೊಂದು ಮಕ್ಕಳು. ಯಾರು ಮಳೆಯಲ್ಲಿ, ಯಾರು ಬಿಸಿಲಲ್ಲಿ ಎಂಬುದೆಲ್ಲ ಆಕೆಗೇ ಕಲಸಿಹೋಗಿ, ಕೇಳಿದಾಗಲೆಲ್ಲ ಒಂದೊಂದು ಹೇಳುತ್ತಿದ್ದಳಂತೆ. ಒಮ್ಮೆ ಅವನದೆಂದು ಹೇಳಿದ್ದನ್ನೇ ಇನ್ನೊಮ್ಮೆ ತಮ್ಮ ಐತನದು ಅಂದಿದ್ದಳಂತೆ. ಏನಾದರೂ ಒಂದು ಹೇಳಿಬಿಡು ಎಂದು ಪುಟ್ಟಲಕ್ಷ್ಮಿ ಬೇಡಿಕೊಂಡಳು. ಸುಳ್ಳು ಹೇಳಿದ್ದಾರೆ ಅಂತಲ್ಲವಾ ಈ ರಗಳೆ ಎಲ್ಲ, ಮತ್ತೆ ತಾನು ಸುಳ್ಳು ಹೇಳುವುದು ಹೇಗೆ ಎಂದ ದೂಜ. ಪುಟ್ಟಲಕ್ಷ್ಮಿ ತಾನೇ ಒಂದು ಹಾಕಿಬಿಡಬಹುದಾಗಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವನು ಅಷ್ಟು ಹೇಳಿದ ಮೇಲೆ ಕೈ ಬರಲಿಲ್ಲ.

ಮಾರ್ಚ್ ಇಪ್ಪತ್ತೊಂದು, ಸೋಮವಾರ. ಅರವತ್ತಮೂರು ಸಿಕ್ಕಿವೆ, ಒಂದು ಸಿಗುವುದಿಲ್ಲ ಎಂದು ಅವಳು ಯತೀಶನಿಗೆ ಹೇಳಿದಳು. ಷರತ್ತಿನ ಪ್ರಕಾರ ನೋಟೀಸುಗಳು ಇನ್ನೂ ಡ್ರಾಯರಿನಲ್ಲಿದ್ದವು. ಅವನು ಎದ್ದು ಹಿಂದಿನ ಮೆಟ್ಟಿಲು ಇಳಿದ. ಅವಳೂ ಹಿಂದೆ ಹೋದಳು. ಪಾತ್ರೆ ತೊಳೆಯುವ ಜಾಗಕ್ಕೆ ಅವನು ಅದುವರೆಗೆ ಬಂದದ್ದೇ ಇಲ್ಲ. ಪಾಲಿಶ್ ಹಾಕಿದ ಬೂಟು ಒದ್ದೆಯಾಯಿತು. ದೂಜ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಕೆಲಸ ಹೋಗುವ ಮಾತನ್ನು ಕೇಳಲು ತಯಾರಾದವನಂತೆ ನೆಟ್ಟಗೆ ನಿಂತ.

ಯತೀಶ ಮಾತಿಗಾಗಿ ಸ್ವಲ್ಪ ತಡಕಾಡಿದ.

“ದೂಜಣ್ಣ, ನಿಮಗೆ ಗೊತ್ತಿಲ್ಲ ಅಂದ್ರೆ, ನಾನು ಒಂದು ಡೇಟ್ ಹಾಕ್ಲಾ? ಇವತ್ತು ಅಂತ ಹಾಕ್ತೇನೆ. ಚಲೇಗಾ?”

ಅವನು ಹೀಗೆ ಕೇಳಿದ್ದು ಕೇಳಿ ಪುಟ್ಟಲಕ್ಷ್ಮಿಯ ಕಣ್ಣು ತುಂಬಿತು. ಬರ್ತ್ ಡೇಟ್ ಯಾರಾದರೂ ಹಾಕುತ್ತಾರಾ ಎಂದು ಕೇಳಿದವನೇ ಇವನು. ದೂಜ ನೆಲ ನೋಡುತ್ತ ಕೊಂಚ ಹೊತ್ತು ಲೆಕ್ಕ ಹಾಕಿದ. ಆಮೇಲೆ ತಲೆ ಎತ್ತಿದಾಗ ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ.

“ಇವತ್ತು ಬೇಡ ಸಾರ್, ಸೋಮವಾರ ಮೀನು ತಿನ್ಲಿಕ್ಕಿಲ್ಲ. ಆದಿತ್ಯವಾರ ಹಾಕಿದ್ರೆ ಹೇಗೂ ರಜೆ, ಅರ್ಧ ದಿನ ದಂಡ. ಬುಧವಾರ ಹಾಕಿ.”

ಬರುವ ವರ್ಷ ಆ ತಾರೀಖು ಬುಧವಾರ ಬರುವುದಿಲ್ಲ ಎಂದು ಪುಟ್ಟಲಕ್ಷ್ಮಿ ತಿಳಿಸಿ ಹೇಳಿದಳು. ಬರುವ ವರ್ಷದ್ದು ಬರುವ ವರ್ಷ ನೋಡುವ ಎಂದು ದೂಜ ನಲ್ಲಿ ತಿರುಗಿಸಿದ. ಯತೀಶ ಗಟ್ಟಿಯಾಗಿ ನಕ್ಕುಬಿಟ್ಟ. ಮೇಲೆ ಹೋಗಿ ಡ್ರಾಯರು ತೆರೆದು ನೋಟೀಸುಗಳನ್ನು ಹರಿದು ಬುಟ್ಟಿಗೆ ಹಾಕಿದ. ಪುಟ್ಟಲಕ್ಷ್ಮಿ ಎ.ಸಿ. ರೂಮಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಖಾಲಿ ಉಳಿದಿದ್ದ ಖಾನೆಯಲ್ಲಿ ಮಾರ್ಚ್ ಇಪ್ಪತ್ತಮೂರು ಎಂದು ಹೊಡೆದಳು. ತಾರೀಖು ಬಲಕ್ಕೆ ಸರಿದು ನಿಂತಿತು. ಮತ್ತೆ ತಿಂಗಳ ಪ್ರಕಾರ ಗುಂಪು ಮಾಡಿದಾಗ ಮಾರ್ಚ್ ಸಾಲಿನಲ್ಲಿ ಹನ್ನೊಂದು ಇದ್ದದ್ದು ಹನ್ನೆರಡಾಯಿತು.